ಒಂದು ಚುಕ್ಕೆಗೆ 29 ಮಿಡಿತ

ಗುಜರಿ ಅಂಗಡಿಯವನು ಕಂಪ್ಯೂಟರನ್ನು ಎತ್ತಿ ತಕ್ಕಡಿಯ ಮೇಲಿಟ್ಟ. ಹನ್ನೊಂದು ಕಿಲೋ ಚಿಲ್ಲರೆ. "ಕಬ್ಣದ ರೇಟೇ ಹಾಕ್ತೀನಿ ಸಾರ್, ಒಳಗಿರೋದಕ್ಕೆ ದುಡ್ಡು ಬೇಡ" ಅಂದ. ಒಳಗಿದ್ದದ್ದು ಇಂಟೆಲ್ 486 ಡಿಎಕ್ಸ್2, 66 ಮೆಗಾಹರ್ಟ್ಸ್. 1992ರಲ್ಲಿ ಮಾರುಕಟ್ಟೆಗೆ ಬಂದ ಚಿಪ್ಪು. ಯಾವುದೋ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ, ಕರಪತ್ರಗಳ ಡಿಟಿಪಿ ಮಾಡಿ ಸವೆದ ಯಂತ್ರವಂತೆ. ಕ್ಯಾಬಿನೆಟ್ಟಿನ ನೆತ್ತಿಯ ಮೇಲೆ ಯಾವ ವರ್ಷದ್ದೋ ಆಯುಧಪೂಜೆಯ ಕುಂಕುಮ ಇನ್ನೂ ಅಂಟಿಕೊಂಡಿತ್ತು. ಅದನ್ನು ಒರೆಸಲು ಮನಸ್ಸಾಗಲಿಲ್ಲ, ಇವತ್ತಿಗೂ ಹಾಗೇ ಇದೆ.

ನನಗೆ ಬೇಕಾಗಿದ್ದದ್ದು ಎರಡೇ. ಅದರಲ್ಲಿ ಡೇಂಜರಸ್ ಡೇವ್ ಆಡಬೇಕು, ಡೂಮ್ ಆಡಬೇಕು. ಎರಡೂ ಫೋನಿನಲ್ಲೇ ಆಡಬಹುದಲ್ಲ ಎಂದು ಕೇಳುವವರಿದ್ದಾರೆ. ಆಡಬಹುದು. ಆದರೆ ಫೋನಿಗೆ ಅದೊಂದು ಕೆಲಸವೇ ಅಲ್ಲ. ಆನೆ ಇರುವೆಯನ್ನು ಹೊತ್ತು ನಡೆದರೆ ನೋಡುವುದಕ್ಕೆ ಏನಿದೆ? ಇರುವೆ ಸಕ್ಕರೆಮೂಟೆ ಎಳೆಯುವುದನ್ನು ನೋಡಬೇಕು.

ಈ 486ರೊಳಗೆ ಸುಮಾರು 12 ಲಕ್ಷ ಟ್ರಾನ್ಸಿಸ್ಟರ್‌ಗಳಿವೆ. 2011ರ ಜನಗಣತಿಯಲ್ಲಿ ಮೈಸೂರು ನಗರದ ಜನಸಂಖ್ಯೆ ಒಂಬತ್ತು ಲಕ್ಷದ ಆಸುಪಾಸು ಇತ್ತು. ಅಂದರೆ ಒಂದು ಇಡೀ ಮೈಸೂರು, ಜೊತೆಗೆ ದಸರೆಗೆ ಬಂದಿಳಿದ ನೆಂಟರಿಷ್ಟರು. 2020ರಲ್ಲಿ ಬಂದ ಆಪಲ್ ಎಂ1 ಚಿಪ್ಪಿನಲ್ಲಿರುವುದು 1,600 ಕೋಟಿ. ಭೂಮಿಯ ಮೇಲಿರುವ ಅಷ್ಟೂ ಜನರನ್ನು ಹೆಚ್ಚುಕಡಿಮೆ ಎರಡೆರಡು ಸಲ ಎಣಿಸಬೇಕು. ಮೈಸೂರಿನಿಂದ ಎರಡು ಭೂಮಿಗೆ ಹೋಗಲು ಹಿಡಿದದ್ದು ಮೂವತ್ತು ವರ್ಷಕ್ಕಿಂತ ಕಡಿಮೆ.

ಮನೆಗೆ ತಂದು ಸ್ಕ್ರೂ ಬಿಚ್ಚಿದಾಗ ಮೊದಲು ಕಂಡದ್ದು ಹಸಿರು ಬೂಷ್ಟು. ಆ ಕಾಲದ ಮದರ್‌ಬೋರ್ಡ್‌ಗಳ ಮೂಲೆಯಲ್ಲಿ ಪೀಪಾಯಿಯಾಕಾರದ ಪುಟ್ಟ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಬೆಸುಗೆ ಹಾಕಿರುತ್ತಿದ್ದರು, 3.6 ವೋಲ್ಟಿನದು. ವಯಸ್ಸಾದಂತೆ ಅದು ಸೋರುತ್ತದೆ. ಸೋರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ. ಕೂದಲೆಳೆಯಂಥ ತಾಮ್ರದ ಗೆರೆಗಳ ಗುಂಟ ತೆವಳುತ್ತಾ ಅವನ್ನೇ ತಿನ್ನುತ್ತಾ ಹೋಗುತ್ತದೆ. ಕ್ಷಾರಕ್ಕೆ ಮದ್ದು ಆಮ್ಲ. ಅಡುಗೆಮನೆಯ ವಿನೆಗರ್‌ನಲ್ಲಿ ಹಳೆಯ ಟೂತ್‌ಬ್ರಷ್ ಅದ್ದಿ ಉಜ್ಜಿದೆ, ನೊರೆ ಬಂತು, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆದೆ. ಮಲ್ಟಿಮೀಟರಿನ ಎರಡು ಕಡ್ಡಿಗಳನ್ನು ಒಂದೊಂದು ಗೆರೆಯ ಎರಡು ತುದಿಗಿಟ್ಟು "ಬೀಪ್" ಅನ್ನುತ್ತದೋ ಇಲ್ಲವೋ ಎಂದು ಕೇಳುತ್ತಾ ಮೂರು ಭಾನುವಾರ ಕಳೆದೆ. ಸುಮ್ಮನಿದ್ದ ಗೆರೆಗಳಿಗೆಲ್ಲ ಸಣ್ಣ ತಂತಿಯ ಸೇತುವೆ.

ಇಷ್ಟು ಅನಾಹುತ ಮಾಡಿದ ಬ್ಯಾಟರಿ ಕಾಯುತ್ತಿದ್ದದ್ದಾದರೂ ಏನನ್ನು? 64 ಬೈಟ್‌ಗಳನ್ನು. 1984ರ ಐಬಿಎಂ ಎಟಿ ಹಾಕಿಕೊಟ್ಟ ಮೂಲ ವಿನ್ಯಾಸದಲ್ಲಿ ಅದು ಅಷ್ಟೇ. 14 ಬೈಟ್ ಗಡಿಯಾರಕ್ಕೆ. ಉಳಿದ 50ರಲ್ಲಿ ಯಾವ ಫ್ಲಾಪಿ, ಎಷ್ಟು ಮೆಮೊರಿ, ಎಂಥ ಡಿಸ್ಕ್ ಎಂಬ ವಿವರ. ಇಂದಿನ ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ "ಕನ್ನಡ" ಎಂಬ ಒಂದು ಪದಕ್ಕೇ 15 ಬೈಟ್ ಬೇಕು. ಆ 50 ಬೈಟಿನಲ್ಲಿ ಕನ್ನಡ ಕನ್ನಡ ಕನ್ನಡ ಎಂದು ಮೂರು ಸಲ ಬರೆದರೆ ಹೆಚ್ಚುಕಡಿಮೆ ಮುಗಿದೇಹೋಯಿತು. ಮೂರು ಸಲ ಕೂಗಿದಷ್ಟು ಮಾಹಿತಿಯನ್ನು ಕಾಯಲು ಹೋಗಿ ಬ್ಯಾಟರಿ ಇಡೀ ಮದರ್‌ಬೋರ್ಡನ್ನೇ ತಿನ್ನಹೊರಟಿತ್ತು. ಬ್ಯಾಟರಿ ಸತ್ತರೆ ಯಂತ್ರ ನಡೆಸುವ ಕಾರ್ಯಾಚರಣ ವ್ಯವಸ್ಥೆಯಾದ ಡಾಸ್‌ಗೆ ಕಾಲಜ್ಞಾನವಿರುವುದಿಲ್ಲ, 1980ರ ಜನವರಿ 1 ಅನ್ನುತ್ತದೆ. ಅದರ ಪಾಲಿಗೆ ಅದಕ್ಕಿಂತ ಹಿಂದೆ ಕಾಲವೇ ಇಲ್ಲ.

ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನಿಂದ ಬರುವ ಎರಡು ಕನೆಕ್ಟರುಗಳನ್ನು ಕಪ್ಪು ತಂತಿಗೆ ಕಪ್ಪು ತಂತಿ ತಾಗುವಂತೆಯೇ ಚುಚ್ಚಬೇಕು. ಅದಲುಬದಲಾದರೆ ಬೋರ್ಡು ಸುಟ್ಟಿತು. ಒಮ್ಮೆ ಅದಲುಬದಲು ಚುಚ್ಚಿ ಸ್ವಿಚ್ಚಿನ ಮೇಲೆ ಬೆರಳಿಟ್ಟಿದ್ದೆ ಕೂಡ, ಹೆಚ್ಚು ಹೇಳಿಕೊಳ್ಳುವಂಥದ್ದಲ್ಲ.

ಮೆಮೊರಿ 4 ಎಂಬಿ ಇತ್ತು, 16 ಮಾಡಿದೆ. 16 ಎಂಬಿ ಅಂದರೆ 13 ಕೋಟಿ 42 ಲಕ್ಷ ಬಿಟ್‌ಗಳು. ಪ್ರತಿ ಬಿಟ್ಟೂ ಒಂದು ತೂತು ಕೊಡ. ವಿದ್ಯುತ್ತನ್ನು ತುಂಬಿಟ್ಟ ಮರುಕ್ಷಣದಿಂದ ಸೋರತೊಡಗುತ್ತದೆ. ಪೂರ್ತಿ ಬರಿದಾಗುವ ಮುನ್ನ ಓದಿ, ಇದ್ದದ್ದನ್ನೇ ಮತ್ತೆ ತುಂಬಬೇಕು. ಹೀಗೆ ಸಾಲುಸಾಲಾಗಿ ಕೊಡ ತುಂಬಿಸುವ ಕೆಲಸ 15.6 ಮೈಕ್ರೋಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ ಸುಮಾರು 64,000 ಸಲ ನಡೆಯುತ್ತದೆ. ನಾವು ಪರದೆಯ ಮುಂದೆ ಸುಮ್ಮನೆ ಕೂತು ಕಾಫಿ ಕುಡಿಯುತ್ತಿದ್ದರೂ ನಡೆಯುತ್ತದೆ.

ಹಾರ್ಡ್‌ಡಿಸ್ಕ್ ಮಾತ್ರ ಬದುಕಲಿಲ್ಲ. ಅದರ ಜಾಗಕ್ಕೆ ಹಳೆಯ ಕ್ಯಾಮೆರಾಗಳಲ್ಲಿ ಬಳಸುತ್ತಿದ್ದ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಹಾಕಿದೆ. ಆ ಕಾರ್ಡಿಗೆ ಹಾರ್ಡ್‌ಡಿಸ್ಕಿನ ಭಾಷೆ ಹುಟ್ಟಿನಿಂದಲೇ ಬರುತ್ತದೆ, ನಡುವೆ ಒಂದು ಅಗ್ಗದ ಅಡಾಪ್ಟರ್ ಸಾಕು. ಕಾರ್ಡು 32 ಜಿಬಿಯದು. ಯಂತ್ರ ಅದನ್ನು ನೋಡಿ 504 ಎಂಬಿ ಅಂದಿತು.

ಈ 504ರ ಕತೆ ನನಗೆ ಬಲು ಇಷ್ಟ. ಡಿಸ್ಕಿನಲ್ಲಿ ಒಂದು ಜಾಗವನ್ನು ಗುರುತಿಸಲು ಸಿಲಿಂಡರ್, ಹೆಡ್, ಸೆಕ್ಟರ್ ಎಂಬ ಮೂರು ಸಂಖ್ಯೆ ಬೇಕು. ಊರು, ಬೀದಿ, ಮನೆ ನಂಬರ್ ಇದ್ದಂತೆ. ಯಂತ್ರವನ್ನು ಎಬ್ಬಿಸುವ ತಂತ್ರಾಂಶವಾದ ಬಯೋಸ್‌ಗೆ 1,024 ಸಿಲಿಂಡರ್, 256 ಹೆಡ್, 63 ಸೆಕ್ಟರ್‌ವರೆಗೆ ಎಣಿಸಲು ಬರುತ್ತದೆ. ಲೆಕ್ಕ ಹಾಕಿದರೆ 845 ಕೋಟಿ ಬೈಟ್. ಡಿಸ್ಕಿನ ಐಡಿಇ ಭಾಷೆಗೆ 65,536 ಸಿಲಿಂಡರ್, 16 ಹೆಡ್, 255 ಸೆಕ್ಟರ್ ಗೊತ್ತು. ಅದು 13,690 ಕೋಟಿ ಬೈಟ್. ಇಬ್ಬರೂ ಶ್ರೀಮಂತರೇ. ಆದರೆ ಮಾತುಕತೆ ನಡೆಯಬೇಕಾದರೆ ಪ್ರತಿ ಸಂಖ್ಯೆಯಲ್ಲೂ ಇಬ್ಬರಿಗೂ ಬರುವಷ್ಟನ್ನೇ ಬಳಸಬೇಕು. ಸಿಲಿಂಡರ್ ಬಯೋಸಿನ 1,024, ಹೆಡ್ ಡಿಸ್ಕಿನ 16, ಸೆಕ್ಟರ್ ಮತ್ತೆ ಬಯೋಸಿನ 63. ಪ್ರತಿ ಸೆಕ್ಟರಿಗೆ 512 ಬೈಟ್. ಗುಣಿಸಿದರೆ 52,84,82,304. ಅದೇ 504 ಎಂಬಿ. ಇಬ್ಬರು ಕುಬೇರರು ಒಟ್ಟಿಗೆ ವ್ಯಾಪಾರಕ್ಕಿಳಿದು ಚಿಲ್ಲರೆ ಅಂಗಡಿ ಇಟ್ಟಂತಾಯಿತು. ಇದನ್ನು ದಾಟುವ ತಂತ್ರಾಂಶಗಳಿವೆ, ನಾನು ದಾಟಲಿಲ್ಲ. ನನ್ನ ಕಾರ್ಡಿನ ಅರವತ್ತರಲ್ಲಿ ಒಂದು ಪಾಲು ಮಾತ್ರ ಬಳಕೆಯಲ್ಲಿದೆ. ಆ ಒಂದು ಪಾಲನ್ನೇ ತುಂಬಿಸಲಾಗದೆ ಒದ್ದಾಡುತ್ತಿದ್ದೇನೆ, ಡಾಸ್ ಆಟಗಳು ಅಷ್ಟು ಸಣ್ಣವು.

ಫ್ಲಾಪಿಯದು ಇನ್ನೊಂದು ತಮಾಷೆ. ಮೂರೂವರೆ ಇಂಚಿನ ಫ್ಲಾಪಿಯಲ್ಲಿ 80 ಟ್ರ್ಯಾಕ್, 2 ಮುಖ, 18 ಸೆಕ್ಟರ್, 512 ಬೈಟ್, ಒಟ್ಟು 14,74,560. ಈಗ ಫ್ಲಾಪಿ ಡ್ರೈವಿನ ಜಾಗದಲ್ಲಿ ಗೋಟೆಕ್ ಎಂಬ ಡಬ್ಬಿ ಕೂರಿಸುತ್ತಾರೆ. ಅದಕ್ಕೆ ಪೆನ್‌ಡ್ರೈವ್ ಚುಚ್ಚಿದರೆ ಕಂಪ್ಯೂಟರಿಗೆ ಫ್ಲಾಪಿಯಂತೆ ಕಾಣುತ್ತದೆ. 32 ಜಿಬಿಯ ಪೆನ್‌ಡ್ರೈವಿನಲ್ಲಿ ಸುಮಾರು 21,700 ಫ್ಲಾಪಿಗಳ ಸರಕು ಹಿಡಿಸುತ್ತದೆ. ಒಂದು ಫ್ಲಾಪಿಯ ದಪ್ಪ 3.3 ಮಿಲಿಮೀಟರ್. ಒಂದರ ಮೇಲೊಂದು ಪೇರಿಸಿದರೆ ಎಪ್ಪತ್ತೊಂದು ಮೀಟರಿಗೂ ಮಿಗಿಲು. ಶ್ರವಣಬೆಳಗೊಳದ ಗೊಮ್ಮಟನಂಥ ನಾಲ್ವರು ಒಬ್ಬರ ತಲೆಯ ಮೇಲೊಬ್ಬರು ನಿಂತರೂ ಅದರ ತುದಿ ಎಟುಕದು.

ನಿಜಕ್ಕೂ ಬೆರಗಾದದ್ದು ಡಬ್ಬಿಯೊಳಗಿನ ಚಿಪ್ಪನ್ನು ನೋಡಿ. ಫ್ಲಾಪಿಯ ವೇಷ ಕಟ್ಟಲೆಂದು ಅದರಲ್ಲಿ ಕೂತಿರುವ ಎಸ್‌ಟಿಎಂ32 ಮೈಕ್ರೋಕಂಟ್ರೋಲರಿನ ವೇಗ 72 ಮೆಗಾಹರ್ಟ್ಸ್. ನನ್ನ ಯಂತ್ರದ ಮುಖ್ಯ ಪ್ರೊಸೆಸರಿನದು 66! ಸೌಂಡ್ ಕಾರ್ಡಿನ ವಿಷಯವೂ ಅಷ್ಟೇ. 90ರ ದಶಕದ ಸೌಂಡ್ ಕಾರ್ಡ್‌ಗಳಂತೆ ನಟಿಸುವ ಪಿಕೊಗಸ್ ಎಂಬ ಹೊಸ ಕಾರ್ಡ್ ಇದೆ. ಅದರ ಜೀವಾಳ ರಾಸ್ಪ್‌ಬೆರಿ ಪೈ ಪಿಕೊದ ಚಿಪ್ಪು. 133 ಮೆಗಾಹರ್ಟ್ಸ್, ಅದೂ ಎರಡು ಕೋರ್. 2021ರಲ್ಲಿ ಆ ಪಿಕೊ ಬಂದಾಗ ಬೆಲೆ 4 ಡಾಲರ್. ಹೀಗೆ ಅರಸನಿಗಿಂತ ಬಾಗಿಲು ಕಾಯುವವನು ಬಲಶಾಲಿ, ಬಾಗಿಲು ಕಾಯುವವನಿಗಿಂತ ವಾಲಗದವನು ಬಲಶಾಲಿ. ಆದರೂ ಎಲ್ಲರೂ ತಲೆ ತಗ್ಗಿಸಿ, ದನಿ ತಗ್ಗಿಸಿ, ಮುದುಕ ಅರಸನ ನಡಿಗೆಗೆ ಹೆಜ್ಜೆ ಹೊಂದಿಸಿಕೊಂಡು ನಡೆಯುತ್ತಾರೆ. ಹಳೆಯ ಕಂಪ್ಯೂಟರನ್ನು ಮೇಲ್ದರ್ಜೆಗೆ ಏರಿಸುವುದು ಅಂದರೆ ಬಹುಪಾಲು ಇದೇ, ದೈತ್ಯರಿಗೆ ಮೆಲ್ಲಗೆ ನಡೆಯಲು ಕಲಿಸುವುದು.

ಇನ್ನು ಆ ನಡಿಗೆಯ ತಾಳ. ಡಾಸ್ ಯಂತ್ರದ ಟೈಮರ್ ಸೆಕೆಂಡಿಗೆ 18.2 ಸಲ ಬಡಿಯುತ್ತದೆ. 18 ಅಲ್ಲ, 20 ಅಲ್ಲ, 18.2. ಇದು ಬಂದದ್ದು ಅಮೆರಿಕದ ಕಲರ್ ಟಿವಿಯಿಂದ. 1981ರಲ್ಲಿ ಐಬಿಎಂ ತನ್ನ ಮೊದಲ ಪಿಸಿಗೆ ಟಿವಿ ಸಂಕೇತಕ್ಕೆ ಹೊಂದುವ 14.318 ಮೆಗಾಹರ್ಟ್ಸ್ ಹರಳನ್ನು ಹಾಕಿತು. ಅದನ್ನು ಮೂರರಿಂದ ಭಾಗಿಸಿದರೆ ಪ್ರೊಸೆಸರಿನ 4.77, ಹನ್ನೆರಡರಿಂದ ಭಾಗಿಸಿದರೆ ಟೈಮರಿನ 1.193, ಅದನ್ನು ಮತ್ತೆ 65,536ರಿಂದ ಭಾಗಿಸಿದರೆ 18.2. ಪ್ರೊಸೆಸರ್‌ಗಳು ಬದಲಾದವು, ಟೈಮರಿನ ಬಡಿತ ಬದಲಾಗಲಿಲ್ಲ. ನಮ್ಮ ದೂರದರ್ಶನ ಬಳಸುತ್ತಿದ್ದದ್ದು ಪಾಲ್ ಪದ್ಧತಿ, ಅಮೆರಿಕದ್ದಲ್ಲ. ಹಾಗಾಗಿ ಪಕ್ಕದ ಕೋಣೆಯ ಟಿವಿ ಒಂದು ತಾಳಕ್ಕೆ, ಪ್ರೆಸ್ಸಿನ ಈ ಪಿಸಿ ಸಾಗರದಾಚೆಯ ಟಿವಿಯ ತಾಳಕ್ಕೆ ಕುಣಿಯುತ್ತಿದ್ದವು.

ಕೊನೆಗೂ ಒಂದು ರಾತ್ರಿ ಡೂಮ್ ಓಡಿತು.

1993ರ ಡಿಸೆಂಬರ್ 10ರಂದು ಬಂದ ಆಟ. ಪರದೆಯ ಮೇಲೆ ಅಡ್ಡಕ್ಕೆ 320, ಉದ್ದಕ್ಕೆ 200, ಒಟ್ಟು 64,000 ಚುಕ್ಕೆ. ಸೆಕೆಂಡಿಗೆ ಹೆಚ್ಚೆಂದರೆ 35 ಚಿತ್ರ. ಅಂದರೆ ಸೆಕೆಂಡಿಗೆ 22 ಲಕ್ಷದ 40 ಸಾವಿರ ಚುಕ್ಕೆಗಳಿಗೆ ಬಣ್ಣ ಹಚ್ಚಬೇಕು. 66 ಮೆಗಾಹರ್ಟ್ಸ್ ಪ್ರೊಸೆಸರಿನ ಬಳಿ ಇರುವುದು ಸೆಕೆಂಡಿಗೆ 6 ಕೋಟಿ 60 ಲಕ್ಷ ಮಿಡಿತ. ಭಾಗಿಸಿ ನೋಡಿ: ಒಂದು ಚುಕ್ಕೆಗೆ 29 ಮಿಡಿತ, ಮೇಲೊಂದಿಷ್ಟು ಚೂರುಪಾರು. ಅಷ್ಟರಲ್ಲಿ ಗೋಡೆ ಎಲ್ಲಿದೆ, ಎಷ್ಟು ದೂರ, ಅದರ ಮೇಲಿನ ಕಲ್ಲಿನ ಚಿತ್ರದ ಯಾವ ಭಾಗ ಕಾಣಬೇಕು, ಎಷ್ಟು ಕತ್ತಲು ಎಂಬುದೆಲ್ಲ ಇತ್ಯರ್ಥವಾಗಬೇಕು. ರಾಕ್ಷಸರ ಓಡಾಟ, ಗುಂಡಿನ ಸದ್ದು, ಕೀಬೋರ್ಡಿನ ಮೇಲಿನ ನನ್ನ ನಡುಗುವ ಬೆರಳು, ಎಲ್ಲವೂ ಇದರಲ್ಲೇ ಸೇರಿದ್ದು.

29 ಎಷ್ಟು ಸಣ್ಣದು ಗೊತ್ತೆ? 486ರಲ್ಲಿ 32 ಬಿಟ್ಟಿನ ಒಂದೇ ಒಂದು ಭಾಗಾಕಾರಕ್ಕೆ 40 ಮಿಡಿತ ಬೇಕು. ಮೂರು ಆಯಾಮದ ಚಿತ್ರವೆಂದರೆ ದೂರದಿಂದ ಭಾಗಿಸುವುದೇ ತಾನೆ. ದೂರದ್ದು ಚಿಕ್ಕದಾಗಿ ಕಾಣುವುದು ಆ ಭಾಗಾಕಾರದಿಂದ. ಚುಕ್ಕೆಗೊಂದು ಭಾಗಾಕಾರ ಮಾಡಿದರೆ ಬಣ್ಣ ಹಚ್ಚುವ ಮುಂಚೆಯೇ ಗಂಟು ಖಾಲಿ, ಮೇಲೆ ಸಾಲ. ಲೆಕ್ಕದ ಪ್ರಕಾರ ಈ ಆಟ ಈ ಯಂತ್ರದಲ್ಲಿ ಆಗುವ ಮಾತೇ ಅಲ್ಲ.

ಜಾನ್ ಕಾರ್ಮ್ಯಾಕ್ ಬರೆದ ಎಂಜಿನ್ನು ಮಾಡಿದ ಉಪಾಯವೆಂದರೆ ಲೆಕ್ಕವನ್ನು ತಪ್ಪಿಸಿಕೊಳ್ಳುವುದು. ಡೂಮ್‌ನಲ್ಲಿ ಗೋಡೆಗಳೆಲ್ಲ ನೆಟ್ಟಗೆ, ನೆಲವೆಲ್ಲ ಸಮತಟ್ಟು, ತಲೆಯೆತ್ತಿ ನೋಡುವ ಅವಕಾಶವಿಲ್ಲ. ಗೋಡೆ ನೆಟ್ಟಗಿದ್ದರೆ ಪರದೆಯ ಒಂದು ಕಂಬಸಾಲಿನಲ್ಲಿ ಆ ಗೋಡೆಯ ಅಷ್ಟೂ ಚುಕ್ಕೆಗಳು ಒಂದೇ ದೂರದಲ್ಲಿರುತ್ತವೆ; ಸಾಲಿಗೊಂದು ಭಾಗಾಕಾರ ಸಾಕು. ನೆಲ ಸಮತಟ್ಟಾದರೆ ಅಡ್ಡಸಾಲಿನ ಚುಕ್ಕೆಗಳೆಲ್ಲ ಒಂದೇ ಆಳದಲ್ಲಿ, ಅಲ್ಲೂ ಸಾಲಿಗೊಂದೇ. ಸಾವಿರಗಳ ಲೆಕ್ಕ ನೂರುಗಳಿಗೆ ಇಳಿಯಿತು. ಕೋನಗಳ ಸೈನ್ ಬೆಲೆಗಳನ್ನು ಓಡುವಾಗ ಲೆಕ್ಕ ಹಾಕುವುದೇ ಇಲ್ಲ. ವೃತ್ತವನ್ನು 8,192 ಪಾಲು ಮಾಡಿ 10,240 ಸಾಲಿನ ಕೋಷ್ಟಕವೊಂದನ್ನು ಮೊದಲೇ ಬರೆದಿಟ್ಟಿದೆ. ನಮ್ಮ ಹಳ್ಳಿಶಾಲೆಯಲ್ಲಿ ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದದ್ದೂ ಇದಕ್ಕೇ. ಸಂತೆಯಲ್ಲಿ ನಿಂತು ಹನ್ನೆರಡೇಳ್ಲಿ ಎಷ್ಟೆಂದು ಕೂಡಿಸುತ್ತಾ ಕೂರುವಂತಿಲ್ಲವಲ್ಲ. ಯಾವ ಗೋಡೆಯ ಹಿಂದೆ ಯಾವ ಗೋಡೆ ಎಂಬುದನ್ನೂ ನಕ್ಷೆ ತಯಾರಿಸುವಾಗಲೇ ಮರದ ಕೊಂಬೆಗಳಂತೆ ವಿಂಗಡಿಸಿಟ್ಟಿರುತ್ತಾರೆ. ಹೀಗೆ ಕೂಡಿಟ್ಟು, ಉಳಿಸಿ, ಕಂತು ಕಟ್ಟಿ, 29ರಲ್ಲಿ ಸಂಸಾರ ತೂಗಿಸಿದೆ.

ತೂಗಿಸಿದೆ ಅಂದರೆ ಹೆಚ್ಚುಕಡಿಮೆ ಅಷ್ಟೇ. ರಾಕ್ಷಸರು ಗುಂಪಾಗಿ ನುಗ್ಗಿದಾಗ ನನ್ನ 486 ಏದುಸಿರು ಬಿಡುತ್ತದೆ, ಚಿತ್ರ ತಡವರಿಸುತ್ತದೆ. ಆಗೆಲ್ಲ ನನಗೆ ಅದರ ಮೇಲೆ ಇನ್ನೂ ಮಮತೆ. ಒಂದು ಮಿಡಿತದ ಹೊತ್ತಿಗೆ ಬೆಳಕು ಓಡುವುದು ನಾಲ್ಕೂವರೆ ಮೀಟರ್. 29ರ ಹೊತ್ತಿಗೆ ನೂರ ಮೂವತ್ತು ಮೀಟರ್ ಚಿಲ್ಲರೆ. ಬೆಳಕು ನಮ್ಮ ಬೀದಿಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಒಂದು ಚುಕ್ಕೆ ಮುಗಿದಿರಬೇಕು, ಮತ್ತೆ ಮುಂದಿನದು. ಇಂದಿನ 4ಕೆ ಪರದೆಯಲ್ಲಿ 82,94,400 ಚುಕ್ಕೆ. ಡೂಮ್‌ನ ಅಂಥ ನೂರ ಇಪ್ಪತ್ತೊಂಬತ್ತು ಪರದೆಗಳನ್ನು ಅದರ ಮೇಲೆ ಟೈಲ್ಸಿನಂತೆ ಜೋಡಿಸಬಹುದು.

ಡೇವ್‌ನ ವಿಷಯದಲ್ಲಿ ತೊಂದರೆ ಏನೂ ಇರಲಿಲ್ಲ. ಜಾನ್ ರೊಮೆರೊ 1988ರಲ್ಲಿ ಆಪಲ್ 2ಗೆ ಬರೆದು ಆಮೇಲೆ ಪಿಸಿಗೆ ಬಂದ ಆಟ. ಐದು ವರ್ಷದ ಬಳಿಕ ಡೂಮ್ ಕಟ್ಟಿದವರಲ್ಲಿ ಇವರೂ ಒಬ್ಬರು. ಅದಕ್ಕಿಂತ ಹಳೆಯ ಕೆಲವು ಆಟಗಳು ಮಾತ್ರ 66ರಲ್ಲಿ ಹುಚ್ಚುಕುದುರೆಯಂತೆ ಓಡುತ್ತವೆ. ಅವು 4.77ರ ಪ್ರೊಸೆಸರನ್ನು ನಂಬಿ ಬರೆದವು. ಅದಕ್ಕೆಂದೇ ಕ್ಯಾಬಿನೆಟ್ಟಿನ ಮುಂದೆ "ಟರ್ಬೊ" ಎಂಬ ಗುಂಡಿ ಇದೆ. ಹೆಸರು ಟರ್ಬೊ, ಅದರ ನಿಜವಾದ ಉಪಯೋಗ ಯಂತ್ರವನ್ನು ನಿಧಾನ ಮಾಡುವುದು.

ಗುಂಡಿಯ ಪಕ್ಕದಲ್ಲಿ ಕೆಂಪು ಅಂಕಿಗಳ ಪುಟ್ಟ ಕಿಟಕಿ. 66 ಎಂದು ಹೊಳೆಯುತ್ತಿತ್ತು. ಅದು ವೇಗ ಅಳೆದು ತೋರಿಸುತ್ತದೆಂದು ಹುಡುಗನಾಗಿದ್ದಾಗ ನಂಬಿದ್ದೆ. ಬಿಚ್ಚಿ ನೋಡಿದರೆ ಅದಕ್ಕೂ ಪ್ರೊಸೆಸರಿಗೂ ಸಂಬಂಧವೇ ಇಲ್ಲ. ಹಿಂಬದಿಯಲ್ಲಿ ಸಣ್ಣ ಸಣ್ಣ ಜಂಪರ್‌ಗಳು; ಯಾವ ಗೆರೆ ಹೊತ್ತಿಕೊಳ್ಳಬೇಕೆಂದು ಅಂಗಡಿಯವರೇ ಕೈಯಿಂದ ಜೋಡಿಸಿಡುತ್ತಿದ್ದರು. ಬೇಕಾದರೆ 99 ಅಂತಲೂ ತೋರಿಸಬಹುದಿತ್ತು. ಇಷ್ಟೆಲ್ಲ ಕರಾರುವಾಕ್ಕಾದ ಸಂಖ್ಯೆಗಳ ಯಂತ್ರದಲ್ಲಿ ಹೊರಗೆ ಕಾಣುವ ಒಂದೇ ಒಂದು ಸಂಖ್ಯೆ ಬರೀ ಬೋರ್ಡು!

ನಾನು ಜಂಪರ್‌ಗಳನ್ನು ಕಿತ್ತು ಮತ್ತೆ ಜೋಡಿಸಿದೆ. ಈಗ ಅಲ್ಲಿ 29 ಎಂದು ಹೊಳೆಯುತ್ತದೆ. ಮೊನ್ನೆ ಅಮ್ಮ ಕೋಣೆಗೆ ಬಂದವರು ಕನ್ನಡಕ ಸರಿಮಾಡಿಕೊಂಡು ಅದನ್ನೇ ನೋಡಿದರು. "ಇಪ್ಪತ್ತೊಂಬತ್ತಾ? ಅಷ್ಟು ಸೆಖೆಯಲ್ಲಿ ಕೂತಿದ್ದೀಯಲ್ಲೋ, ಫ್ಯಾನ್ ಹಾಕ್ಕೋಬಾರ್ದಾ?" ಎಂದು ಸ್ವಿಚ್ ಒತ್ತಿ ಹೋದರು.