ಹೊಸತನ ಅಡಗಿರುವುದು ನೂಲಿನ ಹುರಿಯಲ್ಲಿ

ರಾಜಾಜಿನಗರ, ವಿಜಯನಗರದ ಛತ್ರಗಳಲ್ಲಿ ಮುಹೂರ್ತದ ಹೊತ್ತಿಗೆ ಕಣ್ಣಾಡಿಸಿದರೆ, ಕಂಚಿ ಸೀರೆಗಳ ನವಿಲು, ಮಾವು, ಗೋಪುರಗಳ ಸಂತೆಯ ನಡುವೆ ಮೈಸೂರು ಸಿಲ್ಕ್ ತನ್ನ ಪಾಡಿಗೆ ತಾನು ಇರುತ್ತದೆ. ಒಡಲೆಲ್ಲ ಒಂದೇ ಬಣ್ಣ, ಅಂಚಿಗೆ ಜರಿಯ ನೇರ ಪಟ್ಟಿ, ಅಷ್ಟೇ. ಅಜ್ಜಿಯ ಕಾಲದ ಸೀರೆ ಎಂದು ನಾವದನ್ನು ಸಂಪ್ರದಾಯದ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೇವೆ. ನನಗೆ ಕಾಣುವಂತೆ ಆ ಛತ್ರದಲ್ಲೆಲ್ಲ ಆಧುನಿಕ ವಿನ್ಯಾಸ ಅದೇ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ ತರಿಸಿದ 32 ಮಗ್ಗಗಳೊಂದಿಗೆ ಮೈಸೂರಿನ ರೇಷ್ಮೆ ಕಾರ್ಖಾನೆ ಶುರುವಾಯಿತು. ಅದೇ ವರ್ಷ ಜಪಾನಿನಲ್ಲಿ ತೈಶೋ ಯುಗ ಕಾಲಿಟ್ಟಿತು. ಆ ಯುಗದಲ್ಲಿ ಮೇಸೆನ್ ಎಂಬ ಅಗ್ಗದ ರೇಷ್ಮೆಯ ಕಿಮೋನೋಗಳ ಮೇಲೆ ದೊಡ್ಡ ಬಾಣ, ವೃತ್ತ, ಅಂಕುಡೊಂಕು ಗೆರೆಗಳು ಬಂದವು. ಎರಡೂ ಕಡೆ ಉಡುಪಿನ ಆಕಾರವನ್ನು ಯಾರೂ ಮುಟ್ಟಲಿಲ್ಲ. ಸೀರೆ ಹೊಲಿಗೆಯಿಲ್ಲದೆ ಉಳಿಯಿತು, ಕಿಮೋನೋ ನೇರ ತುಂಡುಗಳ ಜೋಡಣೆಯಾಗಿಯೇ ಉಳಿಯಿತು. ಬದಲಾದದ್ದು ಬಟ್ಟೆ.

ಮೈಸೂರು ಸಿಲ್ಕ್ ಕ್ರೇಪ್ ಬಟ್ಟೆ, ಅದರ ಗುಟ್ಟು ನೂಲಿನ ಹುರಿಯಲ್ಲಿದೆ. ಹೊಕ್ಕಿನ ನೂಲಿಗೆ ಬಿಗಿಯಾಗಿ ಹುರಿ ಹಾಕಿ, ಒಂದಷ್ಟು ಎಳೆ ಎಡಕ್ಕೆ, ಒಂದಷ್ಟು ಬಲಕ್ಕೆ ತಿರುಚಿದ್ದನ್ನು ಸರದಿಯಂತೆ ನೇಯುತ್ತಾರೆ. ಮಗ್ಗದಿಂದ ಇಳಿದಾಗ ಬಟ್ಟೆ ಸಪಾಟು, ಬಿರುಸು. ಸೋಪಿನ ಬಿಸಿನೀರಿನಲ್ಲಿ ಕುದಿಸಿದಾಗ ರೇಷ್ಮೆಯ ಅಂಟು ಕರಗುತ್ತದೆ, ಹೆಚ್ಚುಕಡಿಮೆ ಕಾಲುಭಾಗ ತೂಕವೂ ಅದರೊಂದಿಗೆ ಹೋಗುತ್ತದೆ. ಬಂಧನ ಕಳಚಿದ ಎಳೆಗಳು ಎರಡೂ ದಿಕ್ಕಿಗೆ ಮುರುಟಿಕೊಂಡು ಮೈಯೆಲ್ಲ ಸಣ್ಣ ಸಣ್ಣ ಉಬ್ಬು ಏಳುತ್ತವೆ. ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಜಾರಿ ಇಳಿಯುವುದು ಈ ಕಾರಣಕ್ಕೆ. ಜಪಾನಿನ ನೀಗಾತ ಸೀಮೆಯ ಬೇಸಿಗೆ ಬಟ್ಟೆ ಓಜಿಯಾ ಚಿಜಿಮಿ ನಾರಿನದು, ರೇಷ್ಮೆಯದಲ್ಲ. ಆದರೂ ಉಪಾಯ ಇದೇ: ಹುರಿ ಹಾಕಿದ ಹೊಕ್ಕು, ಬಿಸಿನೀರಿನಲ್ಲಿ ನಾದುವುದು, ಮೈಗೆ ಅಂಟದ ಸುಕ್ಕು.

ಚಿತ್ರ ನೇಯಲು ಬಾರದ ಯಂತ್ರದ ಬಡತನವನ್ನೇ ವಿನ್ಯಾಸವೆಂದು ಹೊಗಳುವುದೇ ಎಂದು ಕೇಳಬಹುದು. ಮೇಸೆನ್ ಕಥೆಯೂ ಅಂಥದ್ದೇ. ಹಾಸನ್ನು ತಾತ್ಕಾಲಿಕ ಹೊಕ್ಕಿನಿಂದ ಸಡಿಲವಾಗಿ ಕಟ್ಟಿ, ಅಚ್ಚಿನಿಂದ ಬಣ್ಣ ಹಾಕಿ, ಆಮೇಲೆ ಆ ಹೊಕ್ಕನ್ನು ಬಿಚ್ಚುತ್ತ ನಿಜವಾದ ನೇಯ್ಗೆ ಮಾಡುತ್ತಿದ್ದರು. ಎಳೆಗಳು ಕೂದಲೆಳೆಯಷ್ಟು ಸರಿದು ಗೆರೆಯ ಅಂಚು ಮಸುಕಾಗುತ್ತಿತ್ತು. ಸಣ್ಣ ಕುಸುರಿಗಿಂತ ದಪ್ಪ ಆಕಾರವೇ ಅದಕ್ಕೆ ಒಗ್ಗಿತು. ಮಿತಿ ಎರಡೂ ಕಡೆ ಇತ್ತು, ನಿಜ. ಆದರೆ ಮಿತಿಯಷ್ಟೇ ಕಾರಣವಾಗಿದ್ದರೆ, ಬುಟ್ಟಾ ನೇಯಲು ಬಂದ ದಿನವೇ ಸಾದಾ ಸೀರೆ ಮಾಯವಾಗಬೇಕಿತ್ತು. ಈಗ ಮೈಸೂರು ಸಿಲ್ಕಿನಲ್ಲಿ ಬುಟ್ಟಾ ಸೀರೆಗಳೂ ಸಿಗುತ್ತವೆ. ಸಾದಾ ಒಡಲನ್ನು ಕೇಳಿ ಪಡೆಯುವವರೂ ಕಡಿಮೆಯಾಗಿಲ್ಲ. ವಿದೇಶಿ ಮಗ್ಗದ ಸರಕು ಎಂಬ ಆಕ್ಷೇಪಕ್ಕೆ ಜರಿ ಅಂಚೇ ಉತ್ತರ ಹೇಳುತ್ತದೆ. ಮಗ್ಗ ಸ್ವಿಸ್ ಆದರೇನು, ಅಂಚಿಲ್ಲದ ಸೀರೆಯನ್ನು ಮುಹೂರ್ತಕ್ಕೆ ಉಡಲು ಇಲ್ಲಿನ ಹೆಂಗಸರು ಒಪ್ಪುತ್ತಿರಲಿಲ್ಲ.