ಸೋರಿಯಾಸಿಸ್‌ಗೆ ಕುಸುಬಿ ಎಣ್ಣೆ ಸಾಕೇ?

ತಪ್ಪು ಕಲ್ಪನೆ: ಮೈಯೊಳಗಿನ ಜಿಡ್ಡು ಬತ್ತಿದ್ದಕ್ಕೇ ಸೋರಿಯಾಸಿಸ್ ಬರುತ್ತದೆ, ದಿನಾ ಎಣ್ಣೆ ತಿಕ್ಕಿದರೆ ಹೋಗುತ್ತದೆ.

ಸತ್ಯ: ಮೊಣಕೈ, ಮೊಣಕಾಲಿನ ದಪ್ಪ ದದ್ದಿನಿಂದ ಬೆಳ್ಳಗಿನ ಹೊಟ್ಟು ಉದುರುವುದನ್ನು ಕಂಡವರು ಹೀಗೆ ಎಣಿಸುವುದು ಸಹಜ. ಅದರಲ್ಲಿ ಅರ್ಧ ನಿಜವೂ ಇದೆ. ಚರ್ಮದ ಹೊರಪದರದ ಕೋಶಗಳ ಸಂದಿನಲ್ಲಿ ಸೆರಮೈಡ್, ಕೊಲೆಸ್ಟ್ರಾಲ್ ಮತ್ತು ಕೊಬ್ಬಿನಾಮ್ಲಗಳೆಂಬ ಜಿಡ್ಡುಗಳು ಗಾರೆಯಂತೆ ತುಂಬಿಕೊಂಡು, ಒಳಗಿನ ನೀರು ಆರಿಹೋಗದಂತೆ ತಡೆಯುತ್ತವೆ. ಸೋರಿಯಾಸಿಸ್ ದದ್ದಿನಲ್ಲಿ ಸೆರಮೈಡ್‌ಗಳ ಹದ ತಪ್ಪಿರುತ್ತದೆ. ಲಿನೋಲಿಯಿಕ್ ಆಮ್ಲವೆಂಬ ಕೊಬ್ಬಿನಾಮ್ಲ ಕೂಡಿಕೊಂಡಿರುವ ಬಗೆಯ ಸೆರಮೈಡ್ ಕಡಿಮೆಯಾಗಿರುತ್ತದೆ ಎಂಬುದು 1990ರ ದಶಕದಲ್ಲೇ ಕಂಡುಬಂದಿದೆ. ಆದರೆ ಈ ಕೊರತೆ ರೋಗದ ಮೂಲವಲ್ಲ. ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ ಐಎಲ್-17, ಐಎಲ್-23 ಎಂಬ ಸಂದೇಶವಾಹಕಗಳ ಮೂಲಕ ಚರ್ಮವನ್ನು ಅವಸರಕ್ಕೆ ದೂಡುತ್ತದೆ. ತಳದಿಂದ ಮೇಲೇರಿ ಉದುರಲು ಸುಮಾರು ನಾಲ್ಕು ವಾರ ಬೇಕಾದ ಕೋಶ ಒಂದು ವಾರದೊಳಗೇ ಬಂದುಬಿಡುತ್ತದೆ. ಬಲಿಯದ ಕೋಶ ಸರಿಯಾದ ಜಿಡ್ಡನ್ನು ತಯಾರಿಸುವುದೆಲ್ಲಿಂದ?

ಕುಸುಬಿ ಬೆಳೆಯುವ ಯಲಬುರ್ಗಾದ ಎರೆ ಹೊಲಗಳ ಸೀಮೆಯವರು ಇಲ್ಲೊಂದು ಪಾಟೀಸವಾಲು ಹಾಕಬಹುದು: ಕುಸುಬಿ ಎಣ್ಣೆಯಲ್ಲಿ ಮುಕ್ಕಾಲು ಪಾಲು ಲಿನೋಲಿಯಿಕ್ ಆಮ್ಲವೇ ಇರುವಾಗ, ಅದನ್ನು ಹಚ್ಚಿ ಕೊರತೆ ತುಂಬಬಾರದೇ? ಕೊರತೆ ಕಚ್ಚಾ ಸಾಮಗ್ರಿಯದಲ್ಲ. ಆ ಆಮ್ಲವನ್ನು ಸೆರಮೈಡ್‌ಗೆ ಜೋಡಿಸಬೇಕಾದದ್ದು ಕೋಶವೇ, ಅದಕ್ಕೋ ಪುರಸೊತ್ತಿಲ್ಲ. ಎಣ್ಣೆಗ್ರಂಥಿಗಳು ತುಂಬಿರುವ ನೆತ್ತಿಯೇ ಸೋರಿಯಾಸಿಸ್ ಹೆಚ್ಚಾಗಿ ಕಾಣಿಸುವ ಜಾಗಗಳಲ್ಲೊಂದು. ಜಿಡ್ಡಿನ ಅಭಾವವೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ. ಐಎಲ್-17 ತಡೆಯುವ ಚುಚ್ಚುಮದ್ದು ಕೊಟ್ಟಾಗ ಎಣ್ಣೆಯ ಹನಿ ತಾಗದೆಯೂ ದದ್ದು ಇಳಿಯುವುದು ಇನ್ನೂ ಗಟ್ಟಿಯಾದ ಸಾಕ್ಷಿ.

ಹಾಗಾದರೆ ಎಣ್ಣೆ ಹಚ್ಚಿದಾಗ ತುರಿಕೆ ಇಳಿಯುವುದು ಸುಳ್ಳೇ? ಸುಳ್ಳಲ್ಲ. ಎಣ್ಣೆ ಹೊಟ್ಟನ್ನು ಮೆತ್ತಗಾಗಿಸಿ ನೀರು ಆರುವುದನ್ನು ತಗ್ಗಿಸುತ್ತದೆ. ಚಳಿಗಾಲದ ಒಣಗಾಳಿಯಲ್ಲಿ ಅದು ದೊಡ್ಡ ನೆರವೇ. ಆದರೆ ನೆರವು ಚಿಕಿತ್ಸೆಯಾಗದು. ತಿಕ್ಕುವ ರಭಸದಿಂದ ತೊಂದರೆಯೂ ಉಂಟು: ಸೋರಿಯಾಸಿಸ್ ಇರುವ ಕೆಲವರಲ್ಲಿ ಚರ್ಮ ತರಚಿದ ಕಡೆ ಹೊಸ ದದ್ದೇಳುತ್ತದೆ. ಆದ್ದರಿಂದ ಸ್ನಾನವಾದ ಕೂಡಲೇ, ಹಸಿ ಮೈಗೆ, ಕಲ್ಲಿನಿಂದ ಉಜ್ಜದೆ ಮೃದುವಾಗಿ ಸವರಬೇಕು. ಸೋರಿಯಾಸಿಸ್ ಅಂಟುರೋಗವಲ್ಲ, ಹಚ್ಚಿಕೊಡುವವರು ಹೆದರಬೇಕಿಲ್ಲ. ಆದರೆ ಈ ರೋಗ ಕೀಲುಗಳಿಗೂ ತಾಗಬಹುದು; ಬೆಳಗ್ಗೆ ಬೆರಳ ಗಂಟು ಬಿಗಿದು ಊದಿಕೊಂಡರೆ ಮಾತ್ರ ಎಣ್ಣೆಯನ್ನೇ ನೆಚ್ಚಿ ದಿನ ದೂಡಬಾರದು. ಗಂಗಾವತಿ, ಕುಷ್ಟಗಿಯವರಾದರೂ ಕೊಪ್ಪಳದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಒಮ್ಮೆ ಬಂದು ತೋರಿಸುವುದು ಲೇಸು. ಕೀಲು ಒಮ್ಮೆ ಸವೆದರೆ ಮೊದಲಿನಂತಾಗುವುದಿಲ್ಲ.