ಬಸುರಿಗೆ ಬಿಡುವು, ಬಾಣಂತಿಗೆ ಬೇನೆ

ಬಸುರಿಯನ್ನು ನಮ್ಮ ಕವಿಗಳು ಬಣ್ಣಿಸದೆ ಬಿಟ್ಟಿಲ್ಲ. ಮಣ್ಣಿನ ವಾಸನೆಗೆ ಆಸೆಪಟ್ಟವಳು, ಹುಳಿಗೆ ಹಾತೊರೆದವಳು, ಮುಖ ಬಿಳುಪೇರಿದವಳು, ಎಲ್ಲರೂ ಕಾವ್ಯಗಳಲ್ಲಿ ಸಿಗುತ್ತಾರೆ. ಆದರೆ ಗರ್ಭ ನಿಂತ ಮೇಲೆ ಕೀಲುನೋವು ಇಳಿದವಳೊಬ್ಬಳು ನನಗೆ ಯಾವ ಕಾವ್ಯದಲ್ಲಿಯೂ ಕಂಡಿಲ್ಲ. ಅವಳನ್ನು ನಾನು ಕಂಡದ್ದು ನಮ್ಮ ಮನೆಯಲ್ಲಿಯೇ.

ನನ್ನ ತಂಗಿಗೆ ಮದುವೆಯಾದ ಮರುವರ್ಷದಿಂದ ಬೆಳಗಿನ ಹೊತ್ತು ಬೆರಳ ಗಿಣ್ಣುಗಳು ಬಿಗಿದುಕೊಳ್ಳುತ್ತಿದ್ದವು. ಹಿಟ್ಟು ನಾದುವುದಕ್ಕೂ ಆಗುತ್ತಿರಲಿಲ್ಲ. ಬಸುರಿನ ನಾಲ್ಕನೆಯ ತಿಂಗಳಿಗೆ ನೋವು ತಾನಾಗಿ ಇಳಿಯಿತು. ಸೀಮಂತದ ದಿನ ಕೈತುಂಬ ಬಳೆ ತೊಟ್ಟು, ಬಂದವರಿಗೆ ತಾನೇ ಕೋಸಂಬರಿ ಬಡಿಸಿದಳು. ‘ಕೂಸಿನ ಕಾಲ್ಗುಣ’ ಎಂದರು ನಮ್ಮ ತಾಯಿ. ಹೆರಿಗೆಯಾಗಿ ಎರಡು ತಿಂಗಳಿಗೆ, ಆ ಕೂಸನ್ನು ಎತ್ತಿಕೊಳ್ಳಲಾರದಷ್ಟು ಮಣಿಕಟ್ಟು ಊದಿತು. ಬಾಣಂತಿ ತಣ್ಣೀರು ಮುಟ್ಟಿದಳು, ವಾಯು ಸೇರಿತು ಎಂದರು. ಎಣ್ಣೆ, ಬಿಸಿನೀರು, ಪಥ್ಯಗಳಲ್ಲಿ ಏಳು ತಿಂಗಳು ಕಳೆದುಹೋದವು. ಹೀಗೆಂದವರಲ್ಲಿ ನಾನೂ ಒಬ್ಬ.

ಸಂಧಿವಾತವೆಂದು ನಾವು ಒಂದೇ ಹೆಸರಿನಿಂದ ಕರೆಯುವ ಬೇನೆಗಳು ಹಲವು. ತಂಗಿಗೆ ಬಂದದ್ದು ರುಮಟಾಯ್ಡ್ ಸಂಧಿವಾತ. ವಯಸ್ಸಾಗಿ ಕೀಲು ಸವೆದು ಬರುವ ನೋವಲ್ಲ ಇದು. ಹೊರಗಿನ ಕ್ರಿಮಿಗಳೊಡನೆ ಹೋರಾಡಬೇಕಾದ ರೋಗನಿರೋಧಕ ಶಕ್ತಿಯೇ, ತನ್ನವರು ಯಾರು ಹೊರಗಿನವರು ಯಾರು ಎಂಬ ವಿವೇಕ ತಪ್ಪಿ, ಕೀಲಿನ ಒಳಪೊರೆಯ ಮೇಲೆ ಬೀಳುತ್ತದೆ. ಬೇಲಿಯೇ ಹೊಲ ಮೇಯ್ದ ಹಾಗೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು.

ಬಸುರಿನಲ್ಲಿ ಈ ನೋವು ಇಳಿಯುವುದನ್ನು ಕ್ರಮವಾಗಿ ಗಮನಿಸಿದವರು ಅಮೆರಿಕದ ಮೇಯೋ ಚಿಕಿತ್ಸಾಲಯದ ಡಾ. ಫಿಲಿಪ್ ಹೆಂಚ್. 1929ರಲ್ಲಿ ರೋಗಿಯೊಬ್ಬರು, ತಮಗೆ ಕಾಮಾಲೆಯಾದಾಗ ಕೀಲುನೋವು ಮಾಯವಾಯಿತೆಂದು ಅವರಿಗೆ ಹೇಳಿದರು. ಕೇಳಿ ಮರೆಯುವ ಮಾತಾಗಿತ್ತು, ಹೆಂಚ್ ಮರೆಯಲಿಲ್ಲ. ಅಂಥ ರೋಗಿಗಳನ್ನು ಹುಡುಕುತ್ತ ಹೋದರು. 1938ರಲ್ಲಿ ಗರ್ಭಿಣಿಯರಲ್ಲಿಯೂ ಹೀಗಾಗುತ್ತದೆಂದು ಬರೆದರು. ಕಾಮಾಲೆ ಗಂಡಸರಿಗೂ ಬರುತ್ತದೆ. ಆದ್ದರಿಂದ ನೋವಿಳಿಸುವ ದ್ರವ್ಯ ಹೆಂಗಸರದೇ ಆದ ಹಾರ್ಮೋನಾಗಿರಲಾರದು ಎಂಬುದು ಅವರ ತರ್ಕ. ಆ ಜಾಡು ಅವರನ್ನು ಮೂತ್ರಪಿಂಡದ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗೆ ಕರೆದೊಯ್ದಿತು. 1948ರ ಸೆಪ್ಟೆಂಬರಿನಲ್ಲಿ, ಕೀಲುಗಳು ಕಟ್ಟಿಹೋಗಿ ನಡೆಯಲಾರದಿದ್ದ 29 ವರ್ಷದ ಸ್ತ್ರೀಗೆ ಕಾರ್ಟಿಸೋನ್ ಚುಚ್ಚಿದರು; ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. 1950ರಲ್ಲಿ ಹೆಂಚ್, ಕೆಂಡಲ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಪಾರಿತೋಷಕ ಬಂದಿತು. ಹೆಚ್ಚು ದಿನ ಕೊಟ್ಟರೆ ಆ ಔಷಧದಿಂದ ಕೇಡೂ ಉಂಟೆಂಬುದು ಬೇಗನೆ ತಿಳಿಯಿತು, ಆ ಮಾತು ಬೇರೆ.

ಹೆಂಚರ ತರ್ಕ ಅರ್ಧ ಸರಿ. ಬಸುರಿನಲ್ಲಿ ಅಡ್ರಿನಲ್ ರಸ ಏರುವುದು ನಿಜ. ಆದರೆ ಸ್ತ್ರೀ ಹಾರ್ಮೋನುಗಳನ್ನು ಪೂರ್ತಿ ಪಕ್ಕಕ್ಕೆ ಸರಿಸಲು ಆಗುವುದಿಲ್ಲವೆಂದು ಮುಂದೆ ತಿಳಿಯಿತು.

‘ಹಾರ್ಮೋನ್’ ಎಂಬ ಮಾತು 1905ರಲ್ಲಿ ಗ್ರೀಕಿನಿಂದ ತೆಗೆದದ್ದು. ಎಬ್ಬಿಸುವುದು, ಹುರಿದುಂಬಿಸುವುದು ಎಂದು ಅರ್ಥ. ನಮ್ಮವರು ‘ಚೋದಕ’ ಎಂದು ಕರೆದದ್ದು ಚೆನ್ನಾಗಿದೆ. ಆದರೆ ಈ ಚೋದಕಗಳು ಎಬ್ಬಿಸುವಂತೆಯೇ ಮಲಗಿಸಲೂ ಬಲ್ಲವು. ಏಕೆ ಮಲಗಿಸಬೇಕು? 1953ರಲ್ಲಿ ಇಂಗ್ಲೆಂಡಿನ ಪೀಟರ್ ಮೆಡವಾರ್ ಈ ಪ್ರಶ್ನೆಯನ್ನು ನೇರವಾಗಿ ಕೇಳಿದರು. ಬೇರೊಬ್ಬರ ಚರ್ಮವನ್ನು ಕಸಿಮಾಡಿದರೆ ದೇಹ ತಳ್ಳಿಬಿಡುತ್ತದೆ. ಕೂಸಿನಲ್ಲಿ ಅರ್ಧ ತಂದೆಯದು. ತಾಯಿಯ ದೇಹಕ್ಕೆ ಅದೂ ಹೊರಗಿನದೇ. ಅದನ್ನು ಒಂಬತ್ತು ತಿಂಗಳು ಹೇಗೆ ತಾಳುತ್ತದೆ?

ಉತ್ತರ ಇನ್ನೂ ಪೂರ್ತಿಯಾಗಿಲ್ಲ, ಆದರೆ ಸ್ಥೂಲವಾಗಿ ಹೀಗೆ. ರಕ್ತದ ಬಿಳಿಯ ಕಣಗಳಲ್ಲಿ ಈಸ್ಟ್ರೋಜನ್ನಿನಂಥ ಹಾರ್ಮೋನುಗಳನ್ನು ಗುರುತುಹಿಡಿಯುವ ಗ್ರಾಹಕಗಳುಂಟು. ಮಾಸು ಬೆಳೆದಂತೆ ಈಸ್ಟ್ರೋಜನ್, ಪ್ರೊಜೆಸ್ಟರೋನ್ ಎರಡೂ ತಾಯಿಯ ರಕ್ತದಲ್ಲಿ ಬಹಳ ಏರುತ್ತವೆ. ಆಗ ಮೇಲೆ ಬಿದ್ದು ಕಾದುವ ಟಿ ಕಣಗಳ ಆರ್ಭಟ ತಗ್ಗಿ, ಅವನ್ನು ತಡೆದು ನಿಲ್ಲಿಸುವ ನಿಯಂತ್ರಕ ಕಣಗಳ ಕೈ ಮೇಲಾಗುತ್ತದೆ. ಕೂಸಿಗಾಗಿ ಮಾಡಿದ ಈ ಒಪ್ಪಂದದ ಲಾಭ ತಾಯಿಯ ಕೀಲುಗಳಿಗೂ ಸಿಗುತ್ತದೆ. ನಾಲ್ವರಲ್ಲಿ ಮೂವರಿಗೆ ಸಿಗುತ್ತದೆಂದು ಹಿಂದೆ ಬರೆದಿದ್ದರು; ಈಚೆಗೆ ಎಚ್ಚರದಿಂದ ಅಳೆದಾಗ ಸುಮಾರು ಅರ್ಧದಷ್ಟು ಜನರಿಗೆ ಎಂದು ತೋರಿದೆ. ಹೆರಿಗೆಯಲ್ಲಿ ಮಾಸು ಬಿದ್ದ ಕೆಲವೇ ದಿನಗಳಲ್ಲಿ ಈ ಹಾರ್ಮೋನುಗಳು ದಢಕ್ಕನೆ ಇಳಿಯುತ್ತವೆ. ಕಾವಲಿನವರು ಹಳೆಯ ಚಾಳಿಗೆ ಮರಳುತ್ತಾರೆ. ಬಾಣಂತಿಯ ಕೀಲು ಊದುವುದು ಆಗ. ತಣ್ಣೀರಿನ ತಪ್ಪು ಇದರಲ್ಲಿ ಏನೂ ಇಲ್ಲ.

ಹಾಗೆಂದು ಬಸುರಿನಲ್ಲಿ ನಿರೋಧಶಕ್ತಿ ಒಟ್ಟಿನಲ್ಲಿ ಕುಗ್ಗುತ್ತದೆ ಎನ್ನುವುದು ಸಲ್ಲದು. ಅದು ಬಗೆ ಬದಲಾಯಿಸುತ್ತದೆ. ಲೂಪಸ್ ಎಂಬ ಬೇನೆಯಿದೆ. ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಜನ ಹೆಂಗಸರು. ಅದು ಬಸುರಿನಲ್ಲಿ ತಣಿಯುವುದಕ್ಕೆ ಬದಲು ಕೆಲವರಲ್ಲಿ ಕೆರಳುತ್ತದೆ. ಅಲ್ಲಿ ಕೇಡು ಮಾಡುವುದು ಪ್ರತಿಕಾಯಗಳು. ಅವನ್ನು ಹುಟ್ಟಿಸುವ ಕಣಗಳಿಗೆ ಈಸ್ಟ್ರೋಜನ್ ಕುಮ್ಮಕ್ಕು ಕೊಡುತ್ತದೆ. ಇನ್ನು ಸೋಂಕುಗಳ ಮಾತು. 1955-56ರಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿ ಸೇರಿ ಕಾಮಾಲೆ ಹಬ್ಬಿದಾಗ, ಗರ್ಭಿಣಿಯರಲ್ಲಿ ಸಾವು ಹೆಚ್ಚಿತ್ತು. ಅದು ಹೆಪಟೈಟಿಸ್-ಇ ಎಂಬ ವೈರಸ್ಸೆಂದು ಬಹಳ ವರ್ಷಗಳ ಮೇಲೆ ಗೊತ್ತಾಯಿತು. ಕೂಸಿಗಾಗಿ ತಾಯಿ ತೆರುವ ಬೆಲೆ ಕೆಲವೊಮ್ಮೆ ಹೀಗೂ ಇರುತ್ತದೆ.

ತಂಗಿಯನ್ನು ಕಡೆಗೆ ಕೀಲುರೋಗದ ವೈದ್ಯರಲ್ಲಿಗೆ ಕರೆದೊಯ್ದೆವು. ಬೆಳಗಿನ ಬಿಗಿತ ಒಂದು ಗಂಟೆ ಮೀರುತ್ತದೆಯೇ, ಎರಡು ಕೈಗಳಲ್ಲಿಯೂ ಒಂದೇ ಗಿಣ್ಣುಗಳು ಊದುತ್ತವೆಯೇ ಎಂಬ ಎರಡು ಪ್ರಶ್ನೆಗಳಲ್ಲಿಯೇ ಅವರಿಗೆ ಅರ್ಧ ವಿಷಯ ತಿಳಿದುಹೋಯಿತು. ಎರಡನೆಯ ಬಸುರಿಗೆ ಮುಂಚೆ, ಮಿತೊಟ್ರೆಕ್ಸೇಟ್ ಎಂಬ ಔಷಧ ಗರ್ಭಕ್ಕೆ ಅಪಾಯವೆಂದು ತಿಂಗಳುಗಳ ಮೊದಲೇ ನಿಲ್ಲಿಸಿದರು. ಈ ಸಲವೂ ನೋವು ಇಳಿಯಿತು. ಹೆರಿಗೆಯಾದ ಮೇಲೆ ಅದು ಮರಳುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಹಾಲೂಡಿಸುವಾಗಲೂ ತೆಗೆದುಕೊಳ್ಳಬಹುದಾದ ಮಾತ್ರೆಯನ್ನು ವೈದ್ಯರು ಮೊದಲೇ ಗೊತ್ತುಮಾಡಿ ಇಟ್ಟಿದ್ದರು. ಆ ಕೂಸನ್ನು ಅವಳೇ ಎತ್ತಿ ಆಡಿಸಿದಳು. ಎಡಗೈಯ ಎರಡು ಬೆರಳು ಮಾತ್ರ, ಮೊದಲ ಬಾಣಂತನದ ಆ ಏಳು ತಿಂಗಳಲ್ಲಿ ಬಾಗಿದವು, ಇಂದಿಗೂ ನೆಟ್ಟಗಾಗಿಲ್ಲ.